ಮುಚ್ಚಿದ ಕಿಟಕಿಯ ಧಾರಾವಾಹಿ

ವಿಭಾಗದ ಕೋಣೆ, ಮೆಟ್ಟಿಲ ಕೆಳಗೆ
ಜೂನ್ ೧೨, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮಂಡಿನೋವು ಹೇಗಿದೆ? ವೈದ್ಯರು ಹೇಳಿದ ವ್ಯಾಯಾಮವನ್ನು ನೀನು ಒಂದು ದಿನ ಮಾಡಿದರೆ ವಾರವಿಡೀ ಅದರ ಬಗ್ಗೆ ಭಾಷಣ ಮಾಡುತ್ತೀಯಂತೆ, ಅತ್ತಿಗೆ ಫೋನಿನಲ್ಲಿ ಹೇಳಿದರು. ಮೂವತ್ತು ವರ್ಷ ಸಾಹಿತ್ಯ ಪಾಠ ಮಾಡಿದವನ ನಾಲಿಗೆ ನಿವೃತ್ತಿಯಾದ ಮಾತ್ರಕ್ಕೆ ಸುಮ್ಮನಿರುತ್ತದೆಯೇ? ಬಿಸಿನೀರಿನ ಶಾಖ ಬಿಡಬೇಡ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೋ, ಅದರಿಂದ ನಿನ್ನ ಮರ್ಯಾದೆಯೇನೂ ಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂದ ದಿನ ಮಾತ್ರ ರಕ್ತದೊತ್ತಡ ಏರಿತ್ತು. ಕಾರಣ ನೀನೇ.

ಆ ಕಾಗದಕ್ಕೇ ಬರುತ್ತೇನೆ. ನಮ್ಮ ಟೆಲಿವಿಷನ್ ಅಧ್ಯಯನ ವಿಭಾಗವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ವಿಶ್ವವಿದ್ಯಾಲಯ ಮೂವರ ಸಮಿತಿ ಮಾಡಿದೆ, ಅದರಲ್ಲಿ ಹೊರಗಿನ ವಿದ್ವಾಂಸ ನೀನು. ನಮ್ಮಿಬ್ಬರ ಹೆಸರಿನ ಬಾಲ ಬೇರೆ ಬೇರೆಯಾದ್ದರಿಂದ ನೀನು ನನ್ನ ಅಣ್ಣನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ: “ಅದು ಶಾಸ್ತ್ರವಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಆದರೂ ನಿನ್ನ ಹೊಟ್ಟೆಪಾಡು ನೋಡಿ ಉಳಿಸಿ ಅಂತ ಬರೆದುಕೊಡ್ತೀನಿ. ನಾನು ನಿನ್ನ ಅಣ್ಣ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ.” ಇನ್ನಿಬ್ಬರಲ್ಲಿ ವಾಣಿಜ್ಯಶಾಸ್ತ್ರದವರು ಮುಚ್ಚಿ ಎಂದು ಆಗಲೇ ತೀರ್ಮಾನಿಸಿದ್ದಾರೆ. ಮತ್ತೊಬ್ಬರು ಗಾಳಿ ಬೀಸಿದ ಕಡೆ ವಾಲುವವರು. ನಿನ್ನ ಒಂದು ಮಾತಿನಿಂದ ನಾನು ಕಟ್ಟಿದ ವಿಭಾಗ ಉಳಿಯುತ್ತದೆಂದು ನನಗೆ ಗೊತ್ತಿದೆ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ, ನಿನ್ನ ಭಿಕ್ಷೆ ನನಗೆ ಬೇಡ.

ಕೋಪ ಮಾಡಿಕೊಳ್ಳಬೇಡ, ಮಾಡಿಕೊಂಡರೂ ಪೂರ್ತಿ ಓದು. ಅವಮಾನ ನನಗೇನೂ ಹೊಸದಲ್ಲ. ಮೊದಲ ವರ್ಷವೇ ಇತಿಹಾಸದ ಮುಖ್ಯಸ್ಥರು ಕಾಫಿ ಕುಡಿಯುತ್ತಾ, ರಿಮೋಟ್ ಹಿಡಿಯುವುದಕ್ಕೂ ಪ್ರಾಯೋಗಿಕ ಪರೀಕ್ಷೆ ಇದೆಯೇ ಎಂದು ಕೇಳಿದ್ದರು. ಇದೆ ಸರ್, ಮನೆಯಲ್ಲಿ ರಿಮೋಟ್ ಯಾರ ಕೈಯಲ್ಲಿರುತ್ತದೆ ಎಂದು ನೋಡಿ ಬಂದು ಬರೆಯಬೇಕು, ನಿಮ್ಮ ಮನೆಗೇ ಕಳಿಸಲೇ ಎಂದೆ. ಆಮೇಲೆ ಅವರು ನನ್ನ ಪಕ್ಕ ಕಾಫಿಗೆ ಕೂರಲಿಲ್ಲ. ಕಚೇರಿಯ ಗುಮಾಸ್ತ ನಮ್ಮನ್ನು ‘ಧಾರಾವಾಹಿ ಡಿಪಾರ್ಟ್‌ಮೆಂಟ್’ ಎನ್ನುತ್ತಾನೆ, ಊಟದ ಹೊತ್ತಿಗೆ ಮೆಲ್ಲಗೆ ಬಂದು ನಿನ್ನೆ ಆ ಸೊಸೆಗೆ ಏನಾಯಿತು ಎಂದು ಕೇಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮುರಿದ ಕುರ್ಚಿಗಳ ಉಗ್ರಾಣದ ಪಕ್ಕ, ಮೆಟ್ಟಿಲ ಕೆಳಗೆ ಜಾಗ ಕೊಟ್ಟರು, ತಲೆ ಬಗ್ಗಿಸಿ ಒಳಗೆ ಬಂದೆ. ತಲೆ ಬಗ್ಗಿಸಿದ್ದು ಆ ಬಾಗಿಲಿಗೆ ಮಾತ್ರ.

ಅಣ್ಣಾ, ಒಂದು ಹಳೆಯ ಹಸ್ತಪ್ರತಿಗೆ ಗೆದ್ದಲು ಹಿಡಿದರೆ ನೀವೆಲ್ಲ ಎದೆ ಬಡಿದುಕೊಳ್ಳುತ್ತೀರಿ. ನಾವು ಚಿಕ್ಕವರಿದ್ದಾಗ ಬೀದಿಗೆ ಬೀದಿಯೇ ಕೂತು ಅತ್ತ ಧಾರಾವಾಹಿಗಳಿದ್ದವಲ್ಲ, ಅವುಗಳಲ್ಲಿ ಎಷ್ಟೋ ಇವತ್ತು ಇಲ್ಲ. ಟೇಪು ದುಬಾರಿ ಎಂದು ಟಿವಿ ಕೇಂದ್ರದವರು ಹಳೆಯದರ ಮೇಲೇ ಹೊಸದನ್ನು ರೆಕಾರ್ಡ್ ಮಾಡಿದರು. ಯಾರದೋ ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಅರ್ಧ ಕಂತು ಸಿಕ್ಕರೆ ನನ್ನ ವಿದ್ಯಾರ್ಥಿಗಳು ಕುಣಿದಾಡುತ್ತಾರೆ. ಅದೂ ಸಿಗದಿದ್ದಾಗ ನೋಡಿದವರ ಮನೆಗೆ ಹೋಗಿ ನೆನಪು ಕೇಳುತ್ತೇವೆ. ಒಂದೇ ಕಂತನ್ನು ಅತ್ತೆ ಒಂದು ಥರ ಹೇಳುತ್ತಾರೆ, ಸೊಸೆ ಇನ್ನೊಂದು ಥರ. ಯಾಕೆ ಹಾಗೆ ಎಂದು ತಿಳಿಯುವುದೇ ನಮ್ಮ ಕೆಲಸ. ಪೆಟ್ಟಿಗೆ ನೋಡಿಕೊಂಡು ಸಂಬಳ ತಿನ್ನುತ್ತಾರೆ ಎನ್ನುವವರಿಗೆ ನಾವು ಹೆಚ್ಚು ಹೊತ್ತು ಪೆಟ್ಟಿಗೆಯ ಕಡೆ ಬೆನ್ನು ಹಾಕಿ ಕೂರುತ್ತೇವೆ ಎನ್ನುವುದು ಗೊತ್ತಿಲ್ಲ.

ಪ್ರತಿ ವರ್ಷ ಮೊದಲ ಪಾಠದಲ್ಲಿ ಒಂದು ಹಳೆಯ ಕಂತನ್ನು ಧ್ವನಿ ತೆಗೆದು ತೋರಿಸುತ್ತೇನೆ. ಅವರು ಏನು ಮಾತಾಡುತ್ತಿದ್ದಾರೆ, ನೀವೇ ಹೇಳಿ ಎನ್ನುತ್ತೇನೆ. ಪ್ರತಿಯೊಬ್ಬರ ಬಾಯಿಂದಲೂ ಅವರವರ ಮನೆ ಹೊರಗೆ ಬರುತ್ತದೆ. ಈ ವಿಧಾನ ಯಾವ ಪುಸ್ತಕದಲ್ಲಿದೆ ಎಂದು ಕಳೆದ ತಿಂಗಳು ವಾಣಿಜ್ಯಶಾಸ್ತ್ರದವರು ಕೇಳಿದರು. ಪುಸ್ತಕದಲ್ಲಿಲ್ಲ, ಅದು ಔಷಧಿ ಅಂಗಡಿಯವರ ಮನೆಯ ಕಿಟಕಿಯಲ್ಲಿದೆ. ನಿನಗೆ ನೆನಪಿರಲೇಬೇಕು.

ಅಮ್ಮ ಆಸ್ಪತ್ರೆ ಸೇರಿದ್ದ ವರ್ಷ ಅದು. ನನಗೆ ಏಳು, ನಿನಗೆ ಹದಿನಾಲ್ಕು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ, ಔಷಧಿ ಅಂಗಡಿಯವರ ಮನೆಯ ಕಿಟಕಿಯ ಗಾಜು ಸದಾ ಮುಚ್ಚಿರುತ್ತಿತ್ತು, ಚಿತ್ರ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನೀನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎಲ್ಲರ ಮಾತನ್ನೂ ನೀನೇ ಆಡುತ್ತಿದ್ದೆ, ಮುದುಕನದು, ಪೊಲೀಸಿನವನದು, ಅಳುವ ಹೆಂಗಸಿನದೂ. ಒಂದು ದಿನ ಆ ಧಾರಾವಾಹಿಯ ತಾಯಿ ಚೀಲ ಹಿಡಿದು ಹೊಸಿಲು ದಾಟಿದಳು. ಮಗು ಸೆರಗು ಹಿಡಿದುಕೊಂಡಿತ್ತು. ಅವಳು ಏನಂತಿದ್ದಾಳೆ ಎಂದು ನಾನು ಕೇಳಿದೆ. “ಸಂತೆಗೆ ಹೋಗಿ ಬರ್ತೀನಿ, ಅಷ್ಟರಲ್ಲಿ ನೀನು ಜಡೆ ಹಾಕಿಸ್ಕೊಂಡು ಕೂತಿರು ಅಂತಿದ್ದಾಳೆ” ಎಂದೆ ನೀನು. ಅಷ್ಟು ಹೊತ್ತಿಗೆ ನಮ್ಮನ್ನು ಕಂಡು ಪಾಪ ಅನ್ನಿಸಿ ಆ ಮನೆಯಾಕೆ ಕಿಟಕಿ ತೆರೆದುಬಿಟ್ಟರು. ನಿಜವಾದ ಮಾತು ಕಿವಿಗೆ ಬಿತ್ತು: “ಇನ್ನು ಈ ಮನೆಗೆ ನಾನು ಬರೋದಿಲ್ಲ.” ಕಿಟಕಿ ಮುಚ್ಚಿ, ಮುಚ್ಚಿ ಎಂದು ನಾನು ಬೀದಿ ಕೇಳುವ ಹಾಗೆ ಅತ್ತೆ. ದಾರಿಯುದ್ದಕ್ಕೂ ನೀನು, ಅವರ ಟಿವಿ ಕೆಟ್ಟಿದೆ, ಅದು ತಪ್ಪು ತಪ್ಪು ಹೇಳುತ್ತದೆ ಎಂದು ಸಮಾಧಾನ ಮಾಡಿದೆ. ಮನೆಗೆ ಬಂದು ಬಾಚಣಿಗೆ ಹುಡುಕಿ ನನಗೆ ಸೊಟ್ಟಸೊಟ್ಟ ಜಡೆ ಹಾಕಿದೆ. ಅಮ್ಮ ಬರುವವರೆಗೂ ದಿನಾ ಹಾಕಿದೆ. ಅಮ್ಮ ಬಂದಳು.

ಈಗ ಹೇಳು, ಆ ಕಂತಿನ ಅರ್ಥ ಎಲ್ಲಿತ್ತು? ಬರೆದವನ ಮಾತಿನಲ್ಲೋ, ನಿನ್ನ ಮಾತಿನಲ್ಲೋ? ನಿನ್ನ ಸಾಹಿತ್ಯ ಶುರುವಾದದ್ದೂ ಅದೇ ಕಿಟಕಿಯ ಕೆಳಗೆ. ನೀನು ಒಳಗೆ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತೆ, ನಾನು ಕಿಟಕಿಯ ಹತ್ತಿರವೇ ನಿಂತು ಅದನ್ನು ಓದಿದೆ, ಬರೆದೆ, ಕಲಿಸಿದೆ. ಅದು ಶಾಸ್ತ್ರವಲ್ಲ ಎಂದು ನಿನಗೆ ನಿಜವಾಗಿ ಅನ್ನಿಸಿದರೆ ಎಲ್ಲರ ಮುಂದೆ ಹೇಳು, ನಾನು ಎಲ್ಲರ ಮುಂದೆ ಉತ್ತರ ಕೊಡುತ್ತೇನೆ. ಮನಸ್ಸಿನಲ್ಲಿ ಅಲ್ಲವೆಂದುಕೊಂಡು ತಂಗಿ ಪಾಪ ಎಂದು ಸಹಿ ಹಾಕಬೇಡ. ಮುಚ್ಚಿದರೆ ಮುಚ್ಚಲಿ. ಮೆಟ್ಟಿಲ ಕೆಳಗೆ ಜಾಗವಿಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಪಾಠ ಮಾಡುತ್ತೇನೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಮೊಮ್ಮಗಳಿಗೆ ಒಂದು ಮುತ್ತು. ನೀನು ಬೈದರೂ ಸರಿ, ಹರಸಿದರೂ ಸರಿ, ನೂರು ವರ್ಷ ಬಾಳು.

ನಿನ್ನ ಹೆಗಲ ಮೇಲಿನಿಂದ ಇನ್ನೂ ಇಳಿಯದ
ತಂಗಿ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಲಿನದನ್ನು ಬರೆದು ಮುಗಿಸಿದವಳೇ ಎದ್ದು ಹೋಗಿ, ನೀನು ನನ್ನ ಒಡಹುಟ್ಟಿದ ಅಣ್ಣ ಎಂದು ಕುಲಸಚಿವರಿಗೆ ನಾನೇ ಹೇಳಿಬಂದೆ. ಸಮಿತಿಯಿಂದ ನಿನ್ನ ಹೆಸರು ತೆಗೆದರು. ನಿನ್ನ ಜಾಗಕ್ಕೆ ಯಾರು ಬರುತ್ತಾರೋ ಗೊತ್ತಿಲ್ಲ, ಯಾರೇ ಬರಲಿ, ನಾನು ಸಿದ್ಧ. ಇನ್ನು ನೀನು ಇಲ್ಲಿಗೆ ಬರಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಸೋಮವಾರ ಹೊಸಬರಿಗೆ ಮೊದಲ ಪಾಠ, ಇದೇ ಕೊನೆಯದೂ ಆಗಬಹುದು. ಆ ತಾಯಿ ಚೀಲ ಹಿಡಿದು ಹೊರಡುವ ಕಂತು ಒಂದು ಮದುವೆಯ ಕ್ಯಾಸೆಟ್ಟಿನಲ್ಲಿ ಸಿಕ್ಕಿದೆ. ಧ್ವನಿ ತೆಗೆದು ಹಾಕುತ್ತೇನೆ. ಮಾತು ಹೇಳಲು ನೀನು ಬಾ.