ಅಕ್ಕ ಎನ್ನಬಾರದ ಅಂಕಣ

ಸೆಪ್ಟೆಂಬರ್ 6
ಆಟದ ಸಾಮಾನಿನ ಕೋಣೆಯಿಂದ

ಮಗಳೇ,

ನಿನಗೂ ಅಳಿಯಂದಿರಿಗೂ ಪುಟಾಣಿಗೂ ನನ್ನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅಪ್ಪನಿಗೆ ಬೆನ್ನುನೋವು, ನನಗೆ ಆ ಬೆನ್ನುನೋವಿನ ವರದಿ ಕೇಳುವ ನೋವು, ಬಿಟ್ಟರೆ ಬೇರೇನಿಲ್ಲ. ನಿನ್ನ ಮಂಡಿ ಹೇಗಿದೆ? ಚಳಿಗೆ ಈಗಲೂ ಹಿಡಿದುಕೊಳ್ಳುತ್ತದೆಯೇ?

ನಿನ್ನ ಪತ್ರ ಬಂದು ಐದು ವಾರವಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದು ಹೋದೆ. ಕುರ್ಚಿಗೂ ನನಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಊಟದ ಮೇಜಿನ ಸುತ್ತ ತಿರುಗುತ್ತಿದ್ದರೆ ನಿನ್ನ ಅಪ್ಪ, "ನೆಲ ಸವೆಯುತ್ತೆ ಕಣೆ, ಬಾಡಿಗೆ ಮನೆ," ಎನ್ನುತ್ತಾರೆ. ಇವತ್ತು ಚೆಂಡಿನ ಚೀಲದ ಮೇಲೆ ಕೂತಿದ್ದೇನೆ. ಅದು ಅತ್ತಿತ್ತ ಉರುಳುವುದರಿಂದ ನನಗೆ ಸರಿಹೋಗುತ್ತದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ಪುಟಾಣಿಯನ್ನು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಕರೆದಿದ್ದಾರೆ, ಅವಳು ಸೇರಲೇಬೇಕೆಂದು ಹಟ ಹಿಡಿದಿದ್ದಾಳೆ, ಜನವರಿ ಮುಗಿಯುವುದರೊಳಗೆ ನೀನು ಸಹಿ ಹಾಕಿ ಕೊಡಬೇಕು. "ಸೇರಿಸಲೋ ಬೇಡವೋ, ನೀವೇ ಹೇಳಿ ಮೇಡಂ," ಎಂದು ಬರೆದಿದ್ದೀಯ. ಒಂಬತ್ತು ವರ್ಷದ ಮಗಳಿರುವವಳು ಹೆತ್ತವಳನ್ನು ಮೇಡಂ ಎನ್ನುವುದನ್ನು ಓದಿ ನಿನ್ನ ಅಪ್ಪ ನಕ್ಕರು. ನಾನೂ ನಕ್ಕೆ. ಹದಿನಾಲ್ಕು ವರ್ಷದಿಂದ ನಾವಿಬ್ಬರೂ ಹೀಗೇ ನಗುತ್ತಿದ್ದೇವೆ.

ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಇಲ್ಲಿಯ ಸುದ್ದಿ ಕೇಳು.

ಕಳೆದ ವರ್ಷ ನಮ್ಮ ಕಾಲೇಜು ತಂಡದ ಹುಡುಗಿಯರು ಹನ್ನೊಂದು ಪಂದ್ಯ ಆಡಿ ಹನ್ನೊಂದನ್ನೂ ಸೋತರು. ಈ ವರ್ಷ ಹೊಸ ಪ್ರಿನ್ಸಿಪಾಲರು ಬಂದಿದ್ದಾರೆ. ಬಹಳ ಸಭ್ಯರು. ನನ್ನನ್ನು ಕರೆಸಿ, ಚಹಾ ತರಿಸಿ, ನಮ್ಮ ಆಟದ ಅಂಕಣದಲ್ಲಿ ಸರಿಯಾಗಿ ಗೆರೆ ಹಾಕಿದರೆ ಇಪ್ಪತ್ತು ಕಾರು ನಿಲ್ಲುತ್ತವೆ ಎಂದು ನಕ್ಷೆ ತೋರಿಸಿದರು. ಮೇ ತಿಂಗಳಿಗೆ ನಾನು ನಿವೃತ್ತಿಯಾಗುತ್ತೇನೆ, ಆಮೇಲೆ ತಂಡದ ಅಗತ್ಯವೇನು ಎಂಬುದು ಅವರ ವಾದ. ಈ ಸಲ ಮೊದಲ ನಾಲ್ಕರೊಳಗೆ ಬಂದರೆ ಯೋಚಿಸೋಣ ಎಂದರು. "ಹಾಗಾದ್ರೆ ಯೋಚನೆ ಶುರು ಮಾಡಿ ಸಾರ್," ಎಂದು ಚಹಾ ಮುಟ್ಟದೆ ಎದ್ದು ಬಂದೆ. ಮೂವತ್ತೊಂದು ವರ್ಷ ನಾನು ನಿಂತ ಜಾಗದ ಮೇಲೆ ಕಾರು ನಿಲ್ಲಿಸುತ್ತಾರಂತೆ. ಸಂಜೆಯವರೆಗೂ ಹೊಟ್ಟೆ ಉರಿಯಿತು, ಅರ್ಧ ಅವಮಾನಕ್ಕೆ, ಅರ್ಧ ಬಿಟ್ಟು ಬಂದ ಆ ಚಹಾಕ್ಕೆ.

ಆದರೆ ಮೊದಲ ಮೂರು ಪಂದ್ಯವನ್ನೂ ಸೋತೆವು. ಓಟ ಚೆನ್ನಾಗಿದೆ, ಗುರಿ ಚೆನ್ನಾಗಿದೆ, ಬೆಳಿಗ್ಗೆ ಐದೂವರೆಗೆ ತಪ್ಪದೆ ಬರುತ್ತಾರೆ, ಆದರೂ ಪಂದ್ಯದಲ್ಲಿ ಎಲ್ಲವೂ ಒಂದು ಕ್ಷಣ ತಡ. ಎಲ್ಲಿ ಎಡವುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಏನು ಮಾಡುತ್ತೇನೆಂದು ನಿನಗೆ ಗೊತ್ತು, ಇನ್ನೂ ಜೋರಾಗಿ ಕೂಗುತ್ತೇನೆ. ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿತು. ಒಂದು ವಾರ ಬಾಯಿ ಬಿಡಬಾರದು ಎಂದು ಡಾಕ್ಟರು ಹೇಳಿದಾಗ ನಿನ್ನ ಅಪ್ಪ ಅವರ ಕೈ ಕುಲುಕಿದರು.

ಆ ವಾರ ಮೆಟ್ಟಿಲ ಮೇಲೆ ಸುಮ್ಮನೆ ಕೂತು ಅಭ್ಯಾಸ ನೋಡಿದೆ. ನಾನು ಕೂಗದಿದ್ದರೆ ಅಂಕಣದಲ್ಲಿ ಇನ್ಯಾರ ದನಿಯೂ ಇಲ್ಲ! ಬೂಟಿನ ಕಿರಗುಟ್ಟುವಿಕೆ, ಚೆಂಡಿನ ಬಡಿತ, ಅಷ್ಟೇ. ನಮ್ಮ ಕ್ಯಾಪ್ಟನ್ ಕೊನೆಯ ವರ್ಷದವಳು, ನಾನು ಕತ್ತೆತ್ತಿ ಮಾತಾಡಿಸಬೇಕಾದಷ್ಟು ಎತ್ತರ. ಅವಳಿಗೆ ಚೆಂಡು ಕೊಡುವವಳು ಮೊದಲ ವರ್ಷದ ಒಂದು ಹಿಡಿಯಷ್ಟು ಹುಡುಗಿ. ಕ್ಯಾಪ್ಟನ್ ಬೆನ್ನ ಹಿಂದೆ ಎದುರು ಗುಂಪಿನವಳು ಬರುವುದು ಈ ಸಣ್ಣವಳಿಗೆ ಕಾಣುತ್ತದೆ. ಒಂದು ಕೂಗು ಹಾಕಿದರೆ ಸಾಕು. ಇವಳು ಹತ್ತಿರಕ್ಕೆ ಓಡಿಹೋಗಿ ಮೆಲ್ಲಗೆ, "ಅಕ್ಕಾ, ಹಿಂದ್ಗಡೆ ಒಬ್ರು ಬರ್ತಿದಾರೆ, ಸ್ವಲ್ಪ ನೋಡಿ," ಎನ್ನುತ್ತಾಳೆ. ಅಷ್ಟು ಹೊತ್ತಿಗೆ ಆ ಒಬ್ಬರು ಚೆಂಡು ಕಿತ್ತುಕೊಂಡು ಅರ್ಧ ಅಂಕಣ ದಾಟಿರುತ್ತಾರೆ.

ಯಾಕೆ ಕೂಗಲಿಲ್ಲ ಎಂದು ಚೀಟಿಯಲ್ಲಿ ಬರೆದು ಕೇಳಿದೆ. ಸೀನಿಯರ್ ಅಲ್ಲವೇ ಮೇಡಂ, ದೊಡ್ಡವರ ಮೇಲೆ ಹೇಗೆ ಕೂಗುವುದು ಎಂದಳು. ಹಾಸ್ಟೆಲಿನಲ್ಲಿ ಕಿರಿಯರು ಹಿರಿಯರ ಮುಂದೆ ದನಿ ಏರಿಸುವುದಿಲ್ಲವಂತೆ, ಅವರಿಗಿಂತ ಮೊದಲು ತಟ್ಟೆ ಮುಟ್ಟುವುದಿಲ್ಲವಂತೆ. ಅದೇ ಮರ್ಯಾದೆಯನ್ನು ಅಚ್ಚುಕಟ್ಟಾಗಿ ಅಂಕಣಕ್ಕೂ ಹೊತ್ತು ತಂದಿದ್ದಾರೆ.

ಮರುದಿನ ಕರಿಹಲಗೆಯ ಮೇಲೆ ಬರೆದೆ: ಅಂಕಣದೊಳಗೆ ಅಕ್ಕ ಇಲ್ಲ, ತಂಗಿ ಇಲ್ಲ. ಎಲ್ಲರಿಗೂ ಒಂದೊಂದು ಗಿಡ್ಡ ಹೆಸರು. ಕೂಗದವರಿಗೆ ಹತ್ತು ಸುತ್ತು ಓಟ. ಕ್ಯಾಪ್ಟನ್ ಈಗ ಕಂಬ, ಆ ಸಣ್ಣವಳು ಗುಬ್ಬಿ.

ಪುಟಾಣಿಯ ವಿಷಯ ಬರೆಯಬೇಕೆಂದೇ ಕೂತದ್ದು. ಅಷ್ಟರಲ್ಲಿ ಹುಡುಗಿಯರು ಬಂದು ಚೀಲ ಕೊಡಿ ಎನ್ನುತ್ತಿದ್ದಾರೆ, ಏಳಲೇಬೇಕು.

ನಿನ್ನ ಅಮ್ಮ


ನವೆಂಬರ್ 2
ಬಸ್ಸಿನಲ್ಲಿ, ಅಕ್ಷರ ಕುಣಿದರೆ ಕ್ಷಮಿಸು

ಮಗಳೇ,

ನಿನ್ನ ಎರಡು ಸಾಲಿನ ಕಾರ್ಡು ಬಂತು. "ಸುದ್ದಿ ಓದಿದೆ ಮೇಡಂ. ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ." ನಿನ್ನ ಅಪ್ಪ ಅದನ್ನು ಕನ್ನಡಿಗೆ ಸಿಕ್ಕಿಸಿ ಇಟ್ಟಿದ್ದಾರೆ, ನಾನು ತಲೆ ಬಾಚುವಾಗಲೆಲ್ಲ ಕಾಣಲಿ ಎಂದು. ತಲೆ ಬಾಚುವುದನ್ನೇ ಬಿಟ್ಟುಬಿಡೋಣ ಅನ್ನಿಸಿದೆ.

ಇವತ್ತು ಗೆದ್ದೆವು. ಸತತ ಐದನೆಯ ಗೆಲುವು. ಹಿಂದಿನ ಸೀಟುಗಳಲ್ಲಿ ಇವರು ಹಾಡುವ ಹಾಡಿಗೆ ಡ್ರೈವರು ಎರಡು ಸಲ ಬಸ್ಸು ನಿಲ್ಲಿಸಿ, ಇಳಿಸಿಬಿಡುತ್ತೇನೆ ಎಂದು ಹೆದರಿಸಿದ್ದಾನೆ. ನಾನು ಕೂರಲಾರದೆ ಕಂಬಿ ಹಿಡಿದು ನಿಂತೇ ಬರೆಯುತ್ತಿದ್ದೇನೆ. ಗೆದ್ದರೂ ನನಗೆ ಯಾಕೋ ನೆಮ್ಮದಿಯಿಲ್ಲ. ಮುಂದಿನ ಪಂದ್ಯ ಬೇಗ ಬರಬಾರದೇ ಎನ್ನಿಸುತ್ತದೆ, ಬಂದರೆ ಬೇಗ ಮುಗಿಯಬಾರದೇ ಎನ್ನಿಸುತ್ತದೆ.

ಸುಲಭದಲ್ಲಿ ಬಂದ ಗೆಲುವಲ್ಲ. ಗುಬ್ಬಿ ಮೊದಲ ಸಲ ಗಂಟಲು ಬಿಟ್ಟು "ಏ ಕಂಬ, ಹಿಂದೆ!" ಎಂದು ಕೂಗಿದ ದಿನ ಕ್ಯಾಪ್ಟನ್ ಚೆಂಡು ಕೆಳಗಿಟ್ಟು ಹೊರಟೇ ಹೋದಳು. ಎರಡು ದಿನ ಮುಖ ಊದಿಸಿಕೊಂಡು ರೂಮಿನಲ್ಲಿ ಕೂತಳು. ಮೂರು ವರ್ಷ ತಾನು ಕಂಡವರಿಗೆಲ್ಲ ಅಕ್ಕ ಅಕ್ಕ ಎಂದು ತಗ್ಗಿ ಬಗ್ಗಿ ನಡೆದದ್ದಾಯಿತು, ಈಗ ತನ್ನ ಸರದಿ ಬಂದಾಗ ಮೇಡಂ ರೂಲು ಬದಲಿಸಿದರು ಎಂಬುದು ಅವಳ ದೂರು. ನ್ಯಾಯವಾದ ದೂರೇ. ನಾನು ಹೋಗಿ ಬಾಗಿಲಲ್ಲಿ ನಿಂತು, ನಿನಗೆ ಮರ್ಯಾದೆ ಬೇಕೋ ಚೆಂಡು ಬೇಕೋ ಎಂದು ಕೇಳಿದೆ. ಎರಡೂ ಬೇಕು ಎಂದಳು. ಅಂಕಣದ ಹೊರಗೆ ಪೂರ್ತಿ ಮರ್ಯಾದೆ, ಒಳಗೆ ಪೂರ್ತಿ ಚೆಂಡು ಎಂದು ರಾಜಿಯಾಯಿತು. ಈಗ ಗುಬ್ಬಿ ಒಳಗೆ ಇವಳನ್ನು ಗದರಿಸುತ್ತಾಳೆ, ಸೀಟಿ ಊದಿದ ತಕ್ಷಣ "ನೀರು ಕುಡೀತೀರಾ ಅಕ್ಕಾ" ಎಂದು ಬಾಟಲಿ ಹಿಡಿದು ನಿಲ್ಲುತ್ತಾಳೆ.

ಎಲ್ಲರಿಗೂ ಹೆಸರಿಟ್ಟಿರಲ್ಲ, ನಿಮ್ಮನ್ನು ಏನೆಂದು ಕರೆಯೋಣ ಎಂದು ಒಬ್ಬಳು ಕೇಳಿದಳು. ಮೇಡಂ ಅನ್ನಿ, ನನಗೆ ಅಭ್ಯಾಸ ಎಂದೆ. ಹೇಳಿದ ಮೇಲೆ ಏನೋ ಕಸಿವಿಸಿಯಾಯಿತು. ನಿನ್ನನ್ನು ತಂಡಕ್ಕೆ ತೆಗೆದುಕೊಂಡ ಮೊದಲ ದಿನ ನಾನು ಹಾಕಿದ್ದೂ ಇದೇ ಷರತ್ತು. ಇಲ್ಲಿ ನಾನು ಅಮ್ಮ ಅಲ್ಲ, ಮಗಳಿಗೆ ಒಂದು ಕಣ್ಣು ಉಳಿದವರಿಗೆ ಒಂದು ಕಣ್ಣು ಎಂದು ಯಾರೂ ಆಡಿಕೊಳ್ಳಬಾರದು ಎಂದಿದ್ದೆ. ನೀನು ಆಗ ಕಣ್ಣು ಮಿಟುಕಿಸಿ "ಆಯ್ತು ಮೇಡಂ" ಎಂದಿದ್ದೆ. ಮನೆಗೆ ಬಂದ ಕೂಡಲೇ ಬ್ಯಾಗು ಎಸೆದು, "ಅಮ್ಮಾ, ಹಸಿವು" ಎಂದು ಮನೆ ಹಾರಿಹೋಗುವಂತೆ ಕೂಗುತ್ತಿದ್ದೆ.

ಪುಟಾಣಿಗೆ ಎಡಗೈಯಲ್ಲೂ ಚೆಂಡು ಬಡಿಯುವುದನ್ನು ಕಲಿಸು. ಇದು ಉತ್ತರವಲ್ಲ ಎಂದು ನನಗೂ ಗೊತ್ತು.

ನಿನ್ನ ಅಮ್ಮ


ಜನವರಿ 11
ಮನೆಯಿಂದ

ಮಗಳೇ,

ಈ ಸಲ ತಡವಾದದ್ದಕ್ಕೆ ನೆವ ಹೇಳುವುದಿಲ್ಲ. ಫೈನಲ್ ಮುಗಿದು ಎಂಟು ದಿನವಾಯಿತು. ಈ ಎಂಟು ದಿನವೂ ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದ್ದೇನೆ. ಬೆಳಿಗ್ಗೆ ಸಂತೆಗೆ ಹೋಗಿ ಏನೂ ಕೊಳ್ಳದೆ ಬರುತ್ತೇನೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ನಿನ್ನ ಅಪ್ಪ ಇವತ್ತು ರೇಡಿಯೋ ಆರಿಸಿ, ಪೆನ್ನು ಕೈಗೆ ಕೊಟ್ಟು, "ಅದೇನಿದೆಯೋ ಬರೆದುಬಿಡು. ನಂಗೆ ಹೇಳ್ಬೇಡ, ಅವಳಿಗೆ ಬರಿ," ಎಂದು ಹೊರಗೆ ಹೋದರು.

ಫೈನಲ್ ಸೋತೆವು, ಒಂದು ಅಂಕದಿಂದ. ಹೇಗೆ ಸೋತೆವು ಎಂಬುದನ್ನು ಕೇಳು.

ಹದಿನಾಲ್ಕು ಸೆಕೆಂಡು ಉಳಿದಿತ್ತು, ನಾವು ಒಂದು ಅಂಕ ಹಿಂದೆ. ಚೆಂಡು ಕಂಬದ ಕೈಯಲ್ಲಿ, ಎದುರಿಗೆ ಬ್ಯಾಸ್ಕೆಟ್ಟು, ತಡೆಯುವವರು ಒಬ್ಬರೂ ಇಲ್ಲ. ಅಭ್ಯಾಸದಲ್ಲಿ ಅಂಥ ಚೆಂಡನ್ನು ಅವಳು ಮಾತಾಡುತ್ತಾ ಹಾಕುತ್ತಾಳೆ. ಆಗ ಹಿಂದೆ, ಅಂಕಣದ ಆ ತುದಿಯಲ್ಲಿ, ಗುಬ್ಬಿ ಯಾರಿಗೋ ಡಿಕ್ಕಿ ಹೊಡೆದು ಬಿದ್ದಳು. ರೆಫರಿ ನೋಡಲಿಲ್ಲ, ಸೀಟಿ ಊದಲಿಲ್ಲ. ಗುಬ್ಬಿ ಕೂಗಿದಳು, "ಅಕ್ಕಾ!"

ಕಂಬ ನಿಂತಳು. ನಾನು ಇತ್ತ ಕಡೆಯಿಂದ "ಹಾಕೇ, ಹಾಕು!" ಎಂದು ಕಿರುಚಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಚೆಂಡನ್ನು ಗೆರೆಯಾಚೆ ಎಸೆದು, ಹಿಂದಕ್ಕೆ ಓಡಿದಳು. ಚೆಂಡು ಎದುರಿನವರದಾಯಿತು. ಉಳಿದ ಸೆಕೆಂಡುಗಳನ್ನು ಅವರು ಸುಮ್ಮನೆ ಚೆಂಡು ಹಿಡಿದುಕೊಂಡು ಕಳೆದರು.

ಗುಬ್ಬಿಯ ಭುಜದ ಕೀಲು ತಪ್ಪಿತ್ತು. ಈಗ ಕೂರಿಸಿದ್ದಾರೆ, ಕೈಗೆ ಜೋಳಿಗೆ ಕಟ್ಟಿಕೊಂಡು ಓಡಾಡುತ್ತಿದ್ದಾಳೆ. ಆದರೆ ಅವತ್ತು ನನಗೆ ಬಂದದ್ದು ಮೊದಲು ಕೋಪವೇ, ಸುಳ್ಳು ಹೇಳುವುದಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕಂಬವನ್ನು ನಿಲ್ಲಿಸಿಕೊಂಡು ಕೇಳಿದೆ, ಎರಡು ಸೆಕೆಂಡಿನ ಕೆಲಸ, ಹಾಕಿ ಓಡಬಹುದಿತ್ತಲ್ಲ ಎಂದು. ಅವಳು ಬೂಟಿನ ದಾರ ಬಿಚ್ಚುತ್ತಾ ಹೇಳಿದಳು:

"ಒಳಗೆ ಅಕ್ಕ ಅನ್ಬಾರ್ದು ಅಂತ ನೀವೇ ಹೇಳಿದ್ರಿ ಮೇಡಂ. ನಾಲ್ಕು ತಿಂಗಳಲ್ಲಿ ಅವಳು ಒಂದ್ಸಲಾನೂ ಅಂದಿಲ್ಲ. ಆದ್ರೂ ಅಂದ್ಲು ಅಂದ್ರೆ, ಆಟ ಎಲ್ಲಾ ಮರೆತುಹೋಗೋ ಅಷ್ಟು ನೋವಾಗಿದೆ ಅಂತ ತಾನೇ?"

ನಾನು ಹೊರಗೆ ಬಂದು ಅಂಕಣದ ಸುತ್ತ ನಡೆಯತೊಡಗಿದೆ. ಎಲ್ಲರೂ ಹೋದರು, ದೀಪ ಆರಿಸುವವನು ಬಂದು ಕಾದು ನಿಂತ, ನಾನು ನಡೆಯುತ್ತಲೇ ಇದ್ದೆ.

ಪ್ರಿನ್ಸಿಪಾಲರು ಮಾತ್ರ ಪರಮ ಸಂತೋಷದಲ್ಲಿದ್ದಾರೆ. ಎರಡನೆಯ ಸ್ಥಾನದ ಕಪ್ಪು ಹಿಡಿದುಕೊಂಡು ಆರು ಫೋಟೋ ತೆಗೆಸಿಕೊಂಡರು. ಕಾರಿನ ನಕ್ಷೆ ಕಪಾಟು ಸೇರಿದೆ. ನನ್ನನ್ನು ಇನ್ನೆರಡು ವರ್ಷ ಇರಿ ಎಂದು ಕೇಳಿದ್ದಾರೆ, ಈ ಸಲ ಚಹಾ ಕುಡಿದೇ ಬಂದೆ. ಇರುತ್ತೇನೆ ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ.

ಮೂವರೂ ಸುಖವಾಗಿರಿ, ಆರೋಗ್ಯವಾಗಿರಿ. ಪುಟಾಣಿ ನಿನ್ನಷ್ಟು ಎತ್ತರ ಬೆಳೆಯಲಿ. ಅಳಿಯಂದಿರನ್ನು ಕೇಳಿದೆನೆಂದು ಹೇಳು.

ನಿನ್ನ ಅಮ್ಮ

ಮತ್ತೆ: ಪತ್ರಕ್ಕೆ ಸಹಿ ಹಾಕಿದ ಮೇಲೆ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ.

ಹದಿನಾಲ್ಕು ವರ್ಷದ ಹಿಂದೆ, ಪಂದ್ಯದಲ್ಲಿ ನಿನ್ನ ಮಂಡಿ ಹೋದ ದಿನ ಆಸ್ಪತ್ರೆಯಲ್ಲಿ ನೀನು ನನ್ನನ್ನು ಕೇಳಿದೆ, "ನಾನು ಕೂಗಿದ್ದು ಕೇಳಿಸ್ತಾ?" ಎಂದು. ಜನರ ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಎಂದೆ. ನೀನು ಗೋಡೆಯ ಕಡೆ ತಿರುಗಿಕೊಂಡು, "ಸರಿ ಮೇಡಂ," ಎಂದೆ. ಆಮೇಲೆ ನಾನು ನಿನಗೆ ಮೇಡಂ ಆಗಿಯೇ ಉಳಿದೆ. ಹಳೆಯ ಅಭ್ಯಾಸ, ತಮಾಷೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದೆ.

ಕೇಳಿಸಿತ್ತು. ನೀನು "ಅಮ್ಮಾ" ಎಂದು ಎರಡು ಸಲ ಕೂಗಿದೆ. ನಾನು ತಿರುಗಿ ನಿನ್ನನ್ನು ನೋಡಿದೆ ಕೂಡ. ನೀನು ಮಂಡಿ ಹಿಡಿದುಕೊಂಡು ಬಿದ್ದಿದ್ದೆ. ಚೆಂಡು ನಮ್ಮವರ ಕೈಯಲ್ಲಿ ಆ ತುದಿಗೆ ಓಡುತ್ತಿತ್ತು. ಮತ್ತೆ ಆ ಕಡೆ ತಿರುಗಿ, "ನಿಲ್ಲಿಸ್ಬೇಡಿ, ಆಡಿ, ಆಡಿ," ಎಂದು ಕೂಗಿದವಳು ನಾನೇ. ಚೆಂಡು ಬಿತ್ತು, ಗೆದ್ದೆವು, ಅದಾದ ಮೇಲೆ ನಿನ್ನ ಹತ್ತಿರ ಬಂದೆ. ನಾನು ತಿರುಗಿದ್ದನ್ನು ನೀನು ನೋಡಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿದ್ದೆ ಎಂದೇ ನನ್ನ ಮನಸ್ಸು ಹೇಳುತ್ತದೆ.

ಪುಟಾಣಿಯನ್ನು ಸೇರಿಸು. ಅವಳ ಪಂದ್ಯ ಒಂದನ್ನೂ ತಪ್ಪಿಸಬೇಡ. ಅವಳು ಬಿದ್ದು ಕೂಗಿದರೆ ಚೆಂಡು ಯಾರ ಕೈಯಲ್ಲಿದೆ ಎಂದು ನೋಡಬೇಡ. ನಿನ್ನ ಮಂಡಿ ಎಷ್ಟು ಬಿಡುತ್ತದೆಯೋ ಅಷ್ಟು ಜೋರಾಗಿ ಓಡು.