ಎರಡೂಮುಕ್ಕಾಲಿಗಾಗಿ ಮಡಚಿದ ಅಂಚು

ಪರೀಕ್ಷಾ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ಹತ್ತು ವರ್ಷದ ನನ್ನ ಮೊಮ್ಮಗಳನ್ನು ನೀವು ಕಳ್ಳಿ ಎಂದು ತೀರ್ಮಾನಿಸಿದ್ದೀರಿ. ಅವಳ ಗಣಿತದ ಉತ್ತರಪತ್ರಿಕೆಯನ್ನು ರದ್ದು ಮಾಡಿ, 'ಅಂಚಿನಲ್ಲಿ ಮಡಿಕೆಗಳಿವೆ. ಪರೀಕ್ಷಕರಿಗೆ ಗುರುತು ಸಿಗಲೆಂದು ಮಾಡಿದ್ದು' ಎಂದು ಷರಾ ಬರೆದಿದ್ದೀರಿ. ಭೇಷ್. ಐದನೆಯ ತರಗತಿಯ ಹುಡುಗಿ ಯಾವ ಪರೀಕ್ಷಕರ ಜೊತೆ ಒಳಸಂಚು ನಡೆಸಿದ್ದಳು ಎಂಬುದನ್ನೂ ಬರೆದಿದ್ದರೆ ನಮಗೂ ತಿಳಿಯುತ್ತಿತ್ತು.

ಎರಡೂಮುಕ್ಕಾಲನ್ನು, ಅಂದರೆ 2¾ ಎಂಬ ಮಿಶ್ರ ಭಿನ್ನರಾಶಿಯನ್ನು, ವಿಷಮ ಭಿನ್ನರಾಶಿಯಾಗಿ ಬರೆಯಿರಿ ಎಂದು ಕೇಳಿದವರು ನೀವೇ. ಪೂರ್ಣಾಂಕವನ್ನು ಛೇದದಿಂದ ಗುಣಿಸಿ ಅಂಶವನ್ನು ಕೂಡಿಸಬೇಕೆಂದು ನಿಮ್ಮ ಪುಸ್ತಕ ಹೇಳುತ್ತದೆ. ಯಾಕೆ ಎಂದು ಹೇಳುವುದಿಲ್ಲ. ಅದನ್ನು ಹೇಳಿಕೊಟ್ಟವಳು ನನ್ನ ಹೆಂಡತಿ. ನಿಮ್ಮದೇ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಕಳೆದ ವರ್ಷ ತೀರಿಕೊಂಡಳು. ನನಗೂ ಜೀವಮಾನವಿಡೀ ಕಲಿಸಿದಳು, ತಲೆಗೆ ಹತ್ತಲಿಲ್ಲ, ಆ ಮಾತು ಬೇರೆ. ಹಳೆಯ ಪೇಪರನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, "ಒಂದನ್ನ ನಾಲ್ಕಾಗಿ ಮಡಚು ಪುಟ್ಟಿ. ಕಾಲುಗಳು ಎಷ್ಟಾದ್ವು? ಇನ್ನೊಂದರಲ್ಲಿ? ಈಗ ಮಿಕ್ಕಿದ ಮೂರು ಸೇರಿಸು" ಎನ್ನುತ್ತಿದ್ದಳು. ನಾಲ್ಕು, ನಾಲ್ಕು, ಮೂರು. 11/4. ಪರೀಕ್ಷೆಯ ಗಾಬರಿಯಲ್ಲಿ ಸೂತ್ರ ಮರೆತ ಮಗು ಕೈಗೆ ಸಿಕ್ಕ ಅಂಚನ್ನೇ ಮಡಚಿ ಎಣಿಸಿದೆ. ಉತ್ತರ ಸರಿಯಾಗಿದೆ. ಇದು ಅಪರಾಧವೇ?

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ, ಎಂದಿನಂತೆ. ಕಿಟಕಿಯ ಗುಮಾಸ್ತರು ಸಿಕ್ಕರು.

"ಉತ್ತರ ಸರಿ ಇದೆಯಲ್ಲಪ್ಪ?"

"ಮಡಿಕೆ ಕಂಡ್ಮೇಲೆ ಉತ್ತರ ಯಾರು ನೋಡ್ತಾರೆ ಯಜಮಾನ್ರೇ?"

ಕಾಲೇಜಿನಲ್ಲಿ ಓದಿದ ಇಂಗ್ಲಿಷು ಅಷ್ಟಿಷ್ಟು ನೆನಪಿದೆ. "ಬೆನಿಫಿಟ್ ಆಫ್ ಡೌಟ್ ಅಂತ ಒಂದಿದೆಯಲ್ಲಪ್ಪ, ಅದನ್ನಾದ್ರೂ ಕೊಡಿ" ಎಂದೆ.

"ಅದು ಕ್ರಿಕೆಟ್‌ನಲ್ಲಿ ತಾತ" ಎಂದು ಕಿಟಕಿ ಹಾಕಿಕೊಂಡರು.

ಮನೆಗೆ ಬಂದರೆ ಮೊಮ್ಮಗಳು ಅಜ್ಜಿ ಕತ್ತರಿಸಿಕೊಟ್ಟಿದ್ದ ಪಟ್ಟಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು, ಮಡಿಕೆಗಳು ಕಾಣದಂತೆ ಅಂಗೈಯಿಂದ ಉಜ್ಜುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ಅಜ್ಜಿ ಹೇಳಿಕೊಟ್ಟಿದ್ದು ಕಾಪಿ ಹೊಡೆಯೋದಾ ತಾತ?"

ಕೇಳಿದ್ದು ನನ್ನನ್ನು. ಉತ್ತರ ಕೊಡಬೇಕಾದವರು ನೀವು. ರದ್ದತಿಯನ್ನು ಹಿಂತೆಗೆದುಕೊಂಡು ಅವಳ ಪತ್ರಿಕೆಯನ್ನು ತಿದ್ದಿಸಿ. ಜೊತೆಗೆ, 'ನಿನ್ನ ಅಜ್ಜಿ ಸರಿಯಾಗಿಯೇ ಹೇಳಿಕೊಟ್ಟಿದ್ದರು' ಎಂದು ಅವಳಿಗೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳುಹಿಸಿ. ಲಕೋಟೆಗೆ ಹಾಕುವಾಗ ಆ ಕಾಗದವನ್ನು ನೀವೂ ಮಡಚಲೇಬೇಕಾಗುತ್ತದೆ. ಹೆದರಬೇಡಿ, ನಮ್ಮ ಮನೆಯಲ್ಲಿ ಮೊದಲು ಒಳಗೆ ಬರೆದದ್ದನ್ನು ಓದುತ್ತೇವೆ.

ಇಂತಿ,
ಮನೆಯ ಗಣಿತದ ಟೀಚರನ್ನು ಕಳೆದುಕೊಂಡ
ದಡ್ಡ ವಿದ್ಯಾರ್ಥಿ