ತಾತನ ಹಿಮ್ಮಡಿ

ಅಕ್ಟೋಬರ್ ೨೧, ಭಾನುವಾರ. ಕುತಾಯಿಸಿ

ಎಡಗಾಲಿನ ಮೀನಖಂಡ ಮತ್ತೆ ಕಲ್ಲಾಗಿದೆ. ಸಿಟ್ಟು ಇಳಿಯುತ್ತಿಲ್ಲ.

ಮೊನ್ನೆ ಕುಣಿಯುವವರ ಕಾಲಿಗೆ ಚಿಕಿತ್ಸೆ ಮಾಡುವ ಎತೇರಿ ಗಂಟು ಹುಡುಕಿ ಸೂಜಿ ಚುಚ್ಚಿದಾಗ ಅದು ನಿಜವಾದ ಮೀನಿನಂತೆ ಒದ್ದಾಡಿ ಸಡಿಲವಾಗಿತ್ತು. "ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಇಳಿಬಿಟ್ಟು ಎಳಿ. ಬುಧವಾರ ಕತ್ತಿ ಕುಣಿತದ ಆಯ್ಕೆ ತನಕ ಕಾಲ್ಬೆರಳ ಮೇಲೆ ಎದ್ದೆಯೋ, ನನ್ನ ಹತ್ರ ಮತ್ತೆ ಬರಬೇಡ" ಅಂದಿದ್ದಳು.

ಇವತ್ತು ಅಕ್ಕನ ಮಗುವಿನ ಜ್ಞಾನಸ್ನಾನದ ಊಟ. ಒಬ್ಬೊಬ್ಬರ ಹೆಸರು ಹೇಳಿ ಎಲ್ಲರಿಗೂ ಕುಡಿಸುವ ಪಾನದ ಹಿರಿತನ ಇಲೋ ಮಾವನದು. ಕಾಲಿನ ವಿಷಯ ಮೊದಲೇ ಅವನ ಕಿವಿಗೆ ಹಾಕಿದ್ದೆ.

"ಸೂಜಿ ಹಾಕಿಸ್ಕೊಳ್ಳೋಕೆ ನೀನೇನು ಹರಿದ ಅಂಗೀನೇನೋ?" ಎಂದು ಎಲ್ಲರನ್ನೂ ನಗಿಸಿದ. ಆಮೇಲೆ ತೀರಿಹೋದ, ಕುಣಿತಗಾರನಾಗಿದ್ದ ತಾತನ ಹೆಸರಲ್ಲಿ ವೈನ್ ತುಂಬಿದ ಕೊಂಬು ಎತ್ತಿದ. "ನಮ್ಮಪ್ಪನ ಹಿಮ್ಮಡಿ ನೆಲ ಕಂಡಿದ್ದೇ ಇಲ್ಲ. ಈಗ ಮೊಮ್ಮಗ ತೋರಿಸ್ತಾನೆ."

ಸತ್ತವರ ಹೆಸರಲ್ಲಿ ಎತ್ತಿದ ಕೊಂಬಿಗೆ ನಮ್ಮಲ್ಲಿ ಇಲ್ಲ ಅನ್ನುವವರು ಯಾರು? ಡೋಲು ಬಡಿಯಿತು. ಕಾಲ್ಬೆರಳು ಮಡಚಿ ಗೆಣ್ಣಿನ ಮೇಲೆ ಎದ್ದೆ. ಒಂದು ಸುತ್ತು ಮುಗಿಯುವುದರೊಳಗೆ ಮೀನಖಂಡ ಹಿಡಿದುಕೊಂಡಿತು. ಕುಂಟಿದ್ದನ್ನೂ ಹೊಸ ಹೆಜ್ಜೆಯೆಂದು ತಿಳಿದು ಚಪ್ಪಾಳೆ ತಟ್ಟಿದರು.

ನೆಲ ಕಂಡಿದ್ದೇ ಇಲ್ಲವಂತೆ! ಕಡೆಗಾಲದಲ್ಲಿ ತಾತ ಹಿಮ್ಮಡಿ ಊರಲು ಎಷ್ಟು ಹೆಣಗಿದರೂ ಅದು ನೆಲಕ್ಕೆ ತಾಗುತ್ತಿರಲಿಲ್ಲ. ಅಷ್ಟು ಬಿಗಿದಿತ್ತು ಕಾಲು. ಅಜ್ಜಿ ಅವನ ಜೋಡಿನೊಳಗೆ ಹಿಮ್ಮಡಿಯಡಿಗೆ ಕಂಬಳಿ ಚೂರು ಮಡಚಿ ತುರುಕುತ್ತಿದ್ದಳು. ತೋಳು ಹಿಡಿದು ಬಚ್ಚಲಿಗೆ ನಡೆಸುತ್ತಿದ್ದವನು ಯಾರು? ಇದೇ ಇಲೋ ಮಾವ. ಎಲ್ಲ ಕಣ್ಣಾರೆ ಕಂಡವನು.

ಬರೆಯುವ ಮೊದಲು ಗೋಡೆ ಹಿಡಿದು ನಿಂತು ನೋಡಿದೆ. ನನ್ನ ಹಿಮ್ಮಡಿಗೂ ನೆಲಕ್ಕೂ ನಡುವೆ ಒಂದು ಬೆರಳು ತೂರುತ್ತದೆ. ಬುಧವಾರಕ್ಕೆ ಇನ್ನು ಮೂರೇ ದಿನ.